ಕಿವಿಮೇಸ್ತ್ರಿಯ ನಾಲ್ಕು ದೀಪಗಳು

ಗಾಡಿಗಳಿಗೆ ವೈರಿಂಗ್ ಮಾಡುವವರು ಎಲ್ಲ ಊರಿನಲ್ಲೂ ಇರುತ್ತಾರೆ. ಆದರೆ ಕಿವಿಯಿಂದ ವೈರಿಂಗ್ ಮಾಡುವವನು ಆ ಬೀದಿಗೆಲ್ಲ ಅವನೊಬ್ಬನೇ. ಅದಕ್ಕೇ ಅವನಿಗೆ ಕಿವಿಮೇಸ್ತ್ರಿ ಅಂತ ಹೆಸರು ಬಿದ್ದಿತ್ತು. ಇಂಡಿಕೇಟರ್ ಕೆಟ್ಟ ಬೈಕು ಬಂದರೆ ಮೇಸ್ತ್ರಿ ಮೊದಲು ಸೀಟಿನ ಮೇಲೆ ಕೂರುತ್ತಿದ್ದ, ಸ್ವಿಚ್ಚನ್ನು ಎಡಕ್ಕೆ ಒತ್ತುತ್ತಿದ್ದ, ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಸೀಟಿನ ಕೆಳಗೆ ಎಲ್ಲೋ ಅಡಗಿ ಕುಳಿತು ದೀಪ ಮಿನುಗಿಸುವ ಫ್ಲಾಶರ್ ಡಬ್ಬಿ ಟಿಕ್ ಟಿಕ್ ಎನ್ನುತ್ತಿತ್ತು. ಆ ಟಿಕ್ಕಿನ ನಡಿಗೆ ಕೆಟ್ಟಿದ್ದರೆ "ಒಂದು ಬಲ್ಬು ಸತ್ತಿದೆ" ಎನ್ನುತ್ತಿದ್ದ. ಏದುಸಿರು ಬಿಟ್ಟಂತೆ ಕೇಳಿದರೆ "ಬ್ಯಾಟರಿ ಮಲಗಿದೆ" ಎನ್ನುತ್ತಿದ್ದ. ಹೇಳಿದ್ದು ಸುಳ್ಳಾಗುತ್ತಿರಲಿಲ್ಲ, ಅದೇ ದೊಡ್ಡ ಕೇಡು.

ಇಳಿದು ಹಿಂದೆ ಹೋಗಿ ದೀಪ ನೋಡುವ ಅಭ್ಯಾಸ ಅವನಿಗೆ ಇರಲೇ ಇಲ್ಲ. ಯಾರಾದರೂ "ಒಂದ್ಸಲ ನೋಡಿಬಿಡಿ ಮೇಸ್ತ್ರಿ" ಅಂದರೆ ಮುಗಿಯಿತು. "ನೋಡೋಕೆ ಯಾರಿಗೆ ಬರಲ್ಲ? ಕೇಳೋಕೆ ಬರಬೇಕು! ನಿನಗೆ ಅಷ್ಟು ಅನುಮಾನ ಇದ್ರೆ ಬೇರೆ ಅಂಗಡಿ ಹುಡುಕ್ಕೋ" ಎಂದು ಹಾಕಿದ ವೈರನ್ನೇ ಕತ್ತರಿಸಿ ಗಿರಾಕಿಯ ಕೈಗೆ ಕೊಟ್ಟುಬಿಡುತ್ತಿದ್ದ. ಕೋಪ ಮೂಗಿನ ತುದಿಯಲ್ಲೇ ಇರುವವರನ್ನು ನಾವೆಲ್ಲ ಕಂಡಿದ್ದೇವೆ. ಈ ಮಹಾರಾಯನಿಗೆ ಅದು ಮೂಗಿನಿಂದ ಕೆಳಗೆ ಇಳಿದದ್ದೇ ಇಲ್ಲ. ಅಡುಗೆಮನೆಯ ದೀಪದ ಸ್ವಿಚ್ಚನ್ನು ಅವನು ತಲೆಕೆಳಗು ಕೂರಿಸಿದ್ದಾನೆ ಎಂದು ಒಮ್ಮೆ ಹೆಂಡತಿ ಬಾಯಿ ಬಿಟ್ಟಳು. ಅವತ್ತು ಅವನು ಊಟ ಬಿಟ್ಟ, ಮಾತು ಬಿಟ್ಟ, ಮನೆಯ ಮೇಲಿದ್ದ ಸಿಟ್ಟನ್ನೆಲ್ಲ ಬಾಗಿಲ ಮೇಲೆ ತೀರಿಸಿದ. ಆ ಸ್ವಿಚ್ಚು ಇವತ್ತಿಗೂ ತಲೆಕೆಳಗೇ ಇದೆ. ಕೆಳಗೆ ಒತ್ತಿದರೆ ಆರುತ್ತದೆ, ಮೇಲೆ ಒತ್ತಿದರೆ ಹತ್ತುತ್ತದೆ, ಎಲ್ಲರಿಗೂ ರೂಢಿಯಾಗಿದೆ.

ಅವನ ಹೆಂಡತಿ ಹೊಲಿಗೆಯವಳು. ಆಸ್ಪತ್ರೆಯ ದಾದಿಯರ ಸಮವಸ್ತ್ರ, ಶಾಲೆಯ ಮಕ್ಕಳ ಅಂಗಿ, ಹೋಟೆಲಿನವರ ಏಪ್ರನ್ನು, ಎಲ್ಲ ಅವಳ ಮಷಿನ್ನಿನಿಂದಲೇ ಹೋಗಬೇಕು. ಹೊಲಿದ ಗಂಟುಗಳನ್ನು ಮೇಸ್ತ್ರಿಯ ಹಳೇ ಬೈಕಿನ ಹಿಂದೆ ಕಟ್ಟಿಕೊಂಡು ತಾನೇ ಕೊಟ್ಟುಬರುತ್ತಿದ್ದಳು. ಬೈಕು ಓಡಿಸುವುದನ್ನು ಅವಳು ಕಲಿತದ್ದು ಗಂಡನಿಂದಲ್ಲ, ಗಂಡನ ಮೇಲಿನ ಸಿಟ್ಟಿನಿಂದ. "ನನ್ನ ಕೆಲಸ ಬಿಟ್ಟು ನಿನ್ನ ಗಂಟು ಹೊರಲಾ?" ಅಂತ ಅವನು ಒಮ್ಮೆ ಅಂದದ್ದೇ ತಡ, ಮರುದಿನವೇ ಅವಳ ಅಕ್ಕ ಮೈದಾನಕ್ಕೆ ಕರೆದುಕೊಂಡು ಹೋಗಿ ಕಲಿಸಿದಳು. ಅಕ್ಕ ಅಂದರೆ ಮೇಸ್ತ್ರಿಗೆ ಅತ್ತಿಗೆ. ಗಟ್ಟಿ ಬಾಯಿಯವಳು, ಅವನ ಹಾರಾಟಕ್ಕೆ ಸೊಪ್ಪು ಹಾಕದ ಏಕೈಕ ಜೀವ.

ಈ ಬೈಕಿಗೆ ಎಲ್‌ಇಡಿ ಇಂಡಿಕೇಟರ್ ಹಾಕುವ ಯೋಚನೆ ಮೇಸ್ತ್ರಿಯದೇ. ಪ್ರೀತಿಯಿಂದಲೇ ಹಾಕಿದ, ಅದನ್ನು ಇಲ್ಲ ಅನ್ನಬಾರದು. ಹಳೆಯ ಕಿತ್ತಳೆ ಬಣ್ಣದ ದೀಪಗಳು ಮಂಕಾಗಿದ್ದವು. ಹೆಂಡತಿ ಸಂಜೆ ಹೊತ್ತು ಬರುವಾಗ ಹಿಂದಿನವರಿಗೆ ಚೆನ್ನಾಗಿ ಕಾಣಬೇಕು ಅನ್ನುವುದು ಅವನ ಕಾಳಜಿ. ಕಣ್ಣು ಕುಕ್ಕುವಂಥ ನಾಲ್ಕು ದೀಪ ತಂದ, ರಬ್ಬರಿನ ಕಾಲಿನವು, ಬೆರಳಷ್ಟು ಸಪೂರ. ಹಾಕಿ ಸ್ವಿಚ್ಚು ಒತ್ತಿದರೆ ಟಿಕ್ಕೂ ಇಲ್ಲ ಟಕ್ಕೂ ಇಲ್ಲ, ಮೀಟರಿನ ದೀಪವೂ ಮಿನುಗದೆ ಹಾಗೇ ನಿಂತುಬಿಟ್ಟಿತು. ಮೇಸ್ತ್ರಿ ನಕ್ಕ. ಎಲ್‌ಇಡಿ ಕುಡಿಯುವ ಕರೆಂಟು ಒಂದು ಗುಟುಕು. ಹಳೇ ಫ್ಲಾಶರ್‌ಗೆ ಅಷ್ಟರಲ್ಲಿ ಎಚ್ಚರವೇ ಆಗುವುದಿಲ್ಲ. ಎಲ್‌ಇಡಿಗೆ ಅಂತಲೇ ಬರುವ ಹೊಸ ಫ್ಲಾಶರ್ ತಂದು ಸಿಕ್ಕಿಸಿದ. ಸೀಟಿನ ಮೇಲೆ ಕುಳಿತು ಎಡಕ್ಕೆ ಒತ್ತಿದ, ಬಲಕ್ಕೆ ಒತ್ತಿದ. ಟಿಕ್, ಟಿಕ್, ಟಿಕ್. ಅಳತೆ ತಪ್ಪದ ನಡಿಗೆ. ಮೀಟರಿನೊಳಗಿನ ಪುಟ್ಟ ಬಲ್ಬೂ ಅದೇ ತಾಳಕ್ಕೆ ಮಿನುಗಿತು. "ಅಬ್ಬಾ, ಏನು ಸದ್ದು!" ಅಂತ ತನ್ನ ಬೆನ್ನು ತಾನೇ ತಟ್ಟಿಕೊಂಡು ಬೈಕನ್ನು ಹೆಂಡತಿಯ ಕೈಗೆ ಕೊಟ್ಟ.

ಆ ಬೈಕಿಗೇ ಬ್ರೆಡ್ಡಿನ ವ್ಯಾನು ಗುದ್ದಿತು.

ಸುದ್ದಿ ಬಂದಾಗ ಮೇಸ್ತ್ರಿಯ ಕೈಯಲ್ಲಿ ಬೆಸುಗೆ ಕಡ್ಡಿ ಇತ್ತು. ಕಾರ್ಖಾನೆ ಗೇಟಿನ ಎದುರಿನ ಕೂಡುರಸ್ತೆಯಲ್ಲಿ ಅವಳು ಬಲಕ್ಕೆ ತಿರುಗುವಾಗ ಹಿಂದಿನಿಂದ ಬಂದ ವ್ಯಾನು ಅವಳ ಬಲಗಡೆಯಿಂದಲೇ ನುಗ್ಗಿದೆ ಅಂತ ಯಾರೋ ಫೋನಿನಲ್ಲಿ ಹೇಳಿದರು. ಕಾದ ಕಡ್ಡಿ ತೊಡೆಯ ಮೇಲೆ ಬಿದ್ದು ಪ್ಯಾಂಟು ಸುಟ್ಟದ್ದು ಅವನಿಗೆ ಗೊತ್ತಾದದ್ದು ಆಸ್ಪತ್ರೆಯ ಮೆಟ್ಟಿಲಿನ ಮೇಲೆ. ಅವಳ ತೊಡೆಯ ಮೂಳೆ ಮುರಿದಿತ್ತು, ಎಡಗೈ ಮಣಿಕಟ್ಟಿನಲ್ಲಿ ತಿರುಚಿತ್ತು. ಸದಾ ಮಷಿನ್ನಿನ ಮುಂದೆ ನೆಟ್ಟಗೆ ಕೂರುತ್ತಿದ್ದವಳು ಬಿಳಿ ಹಾಸಿಗೆಯ ಮೇಲೆ ಅಷ್ಟು ಪುಟ್ಟದಾಗಿ ಮಲಗಿದ್ದನ್ನು ನೋಡಿ ಮೇಸ್ತ್ರಿ ಒಳಗೆ ಕಾಲಿಡಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡೇ ನಿಂತ.

"ಆ ವ್ಯಾನಿನ ಹುಡುಗನನ್ನ ಏನೂ ಮಾಡಬೇಡಿ. ಅವನದೇನೂ ತಪ್ಪಿಲ್ಲ" ಅಂದಳು ಅವಳು. ಆಪರೇಷನ್ ಆಗಿ ಎಚ್ಚರವಾದ ಮೇಲೆ ಆಡಿದ ಮೊದಲ ಮಾತೇ ಅದು.

"ನಿನ್ನ ಒಳ್ಳೇತನಕ್ಕಿಷ್ಟು! ತಪ್ಪಿಲ್ವಂತೆ, ತಪ್ಪು! ಕಾಲು ಮುರಿದು ಮಲಗಿದ್ದೀಯ, ಇನ್ನೂ ಊರವರ ಚಿಂತೆ" ಎಂದು ಮೇಸ್ತ್ರಿ ಸಿಡುಕಿದ. ಅವಳು ಮತ್ತೆ ಏನೋ ಹೇಳಲು ಬಾಯಿ ತೆರೆದಳು. "ಸುಮ್ನಿರು, ಮಾತಾಡಬೇಡ, ಸುಸ್ತಾಗುತ್ತೆ" ಎಂದು ಅವನೇ ಬಾಯಿ ಮುಚ್ಚಿಸಿದ. ಕಾಳಜಿಯನ್ನೂ ಅವನು ಬೈಗುಳದ ದನಿಯಲ್ಲೇ ತೋರಿಸುತ್ತಿದ್ದ, ಏನು ಮಾಡೋಣ.

ಅಷ್ಟರಲ್ಲಿ ಹೊರಗೆ ಇನ್ನೊಂದು ಕಥೆ ನಡೆದಿತ್ತು. ವ್ಯಾನಿನ ಡ್ರೈವರು ಸಿಕ್ಕಸಿಕ್ಕವರ ಮುಂದೆ ಒಂದೇ ಮಾತು ಹೇಳುತ್ತಿದ್ದ: ಮೇಸ್ತ್ರಿ ಮನೆಯ ಅಕ್ಕನ ಬೈಕಿನಲ್ಲಿ ಎಡ ಬಲ ಎರಡೂ ಕಡೆ ದೀಪ ಮಿನುಗುತ್ತಿದ್ದವು, ನಾಲ್ಕೂ ಮಿನುಗಿದರೆ ನೇರ ಹೋಗುತ್ತಾರೆ ಅಂತ ತಾನೇ ಎಲ್ಲರೂ ತಿಳಿಯೋದು, ಅದಕ್ಕೇ ಬಲಗಡೆಯಿಂದ ದಾಟಿಸಿದೆ. ಯಾರೂ ನಂಬಲಿಲ್ಲ. ಆ ಹಳೇ ಬೈಕಿನಲ್ಲಿ ನಾಲ್ಕನ್ನೂ ಒಟ್ಟಿಗೆ ಮಿನುಗಿಸುವ ಸ್ವಿಚ್ಚೇ ಇಲ್ಲ, ಇಲ್ಲದ ಸ್ವಿಚ್ಚನ್ನು ಅವಳು ಒತ್ತುವುದಾದರೂ ಹೇಗೆ? ಬೇಕರಿ ಯಜಮಾನ ಮೇಸ್ತ್ರಿಗೇ ಫೋನ್ ಮಾಡಿದ. ಅವನ ವ್ಯಾನುಗಳ ವೈರಿಂಗೂ ಮೇಸ್ತ್ರಿಯದೇ, ಮೇಸ್ತ್ರಿಯ ಕಿವಿಯ ಮೇಲೆ ಅವನಿಗೆ ಅಪಾರ ಭರವಸೆ. "ನೀವು ಏನಂತೀರೋ ಅದೇ ನನಗೆ ಕೊನೇ ಮಾತು. ಹುಡುಗ ಸುಳ್ಳು ಹೇಳ್ತಿದ್ದಾನೆ ಅಂದ್ರೆ ಇವತ್ತೇ ಬೀಗದ ಕೈ ಕಿತ್ಕೊಂಡು ಪೊಲೀಸಿನವರಿಗೆ ಒಪ್ಪಿಸ್ತೀನಿ."

"ಸುಳ್ಳು! ಹಸಿ ಸುಳ್ಳು! ನನ್ನ ವೈರಿಂಗಿನಲ್ಲಿ ಎಡ ಒತ್ತಿದ್ರೆ ಎಡ, ಬಲ ಒತ್ತಿದ್ರೆ ಬಲ. ಕಿವಿಯಾರೆ ಕೇಳಿ ಕೊಟ್ಟಿದ್ದೀನಿ" ಎಂದು ಮೇಸ್ತ್ರಿ ಗುಡುಗಿದ. ಯಜಮಾನ ಬೀಗದ ಕೈ ಕಿತ್ತುಕೊಂಡ. ಪೊಲೀಸಿಗೆ ಒಪ್ಪಿಸುವುದನ್ನು ಮಾತ್ರ ಮರುದಿನ ಸಂಜೆ ತನಕ ತಡೆದ, ಡ್ರೈವರ್ ಕಾಲಿಗೆ ಬಿದ್ದನಂತೆ.

ಮರುದಿನ ಬೆಳಿಗ್ಗೆ ಬೈಕನ್ನು ಯಾರೋ ಸಾಮಾನು ಗಾಡಿಯಲ್ಲಿ ತಂದು ಅಂಗಡಿಯ ಮುಂದೆ ಇಳಿಸಿದ್ದರು. ಮುಂದಿನ ಚಕ್ರ ಸೊಟ್ಟಗಾಗಿತ್ತು, ಒಂದು ಕನ್ನಡಿ ಇರಲಿಲ್ಲ, ಕ್ಯಾರಿಯರ್‌ಗೆ ಒಂದು ಬಿಳಿ ಏಪ್ರನ್ನಿನ ದಾರ ಸುತ್ತಿಕೊಂಡಿತ್ತು. ರಬ್ಬರಿನ ಕಾಲಿನ ನಾಲ್ಕೂ ದೀಪ ಬಾಗಿ ಎದ್ದು ಹಾಗೇ ನಿಂತಿದ್ದವು. ಮೇಸ್ತ್ರಿಗೆ ಅದರ ಹತ್ತಿರ ಹೋಗುವ ಮನಸ್ಸೇ ಬರಲಿಲ್ಲ. ಮೇಲೆ ಒಂದು ಗೋಣಿ ಹೊದಿಸಿ ಬೇರೆ ಕೆಲಸಕ್ಕೆ ಕುಳಿತ.

ಬಿಸಿಲು ಏರಿದ ಮೇಲೆ ಡ್ರೈವರ್ ಬಂದ. ನಿದ್ದೆಯಿಲ್ಲದ ಕಣ್ಣು, ಎರಡು ಮಕ್ಕಳ ತಂದೆ, ಮೊನ್ನೆ ಮೊನ್ನೆವರೆಗೂ ಇದೇ ಅಂಗಡಿಗೆ ಮೇಸ್ತ್ರಿಗೆಂದು ಬಿಸಿ ಬನ್ನು ತಂದುಕೊಡುತ್ತಿದ್ದವನು.

"ಮೇಸ್ತ್ರಿ, ನನ್ನ ಎಷ್ಟು ಬೇಕಾದ್ರೂ ಬೈಯಿರಿ, ಹೊಡೀರಿ. ಆದ್ರೆ ಒಂದೇ ಒಂದ್ಸಲ ಆ ಸ್ವಿಚ್ಚು ಒತ್ತಿ ನೋಡಿ" ಅಂದ.

ಮೇಸ್ತ್ರಿಯ ಪಿತ್ತ ನೆತ್ತಿಗೇರಿತು. "ಏನೋ? ನನ್ನ ಹೆಂಡತಿ ಕಾಲು ಮುರಿದು, ನನ್ನ ಅಂಗಡಿಗೇ ಬಂದು, ನನ್ನ ಕೆಲಸಾನೇ ಪರೀಕ್ಷೆ ಮಾಡ್ತೀಯಾ? ಬಾ! ಬಾ, ನಿನಗೆ ಕೇಳಿಸ್ತೀನಿ!" ಎಂದು ಗೋಣಿ ಕಿತ್ತೆಸೆದು, ಸೊಟ್ಟ ಚಕ್ರದ ಬೈಕನ್ನು ಸ್ಟ್ಯಾಂಡಿಗೆ ಎಳೆದ. ಹೊಸ ಬ್ಯಾಟರಿ ತಂದು ಹಚ್ಚಿ ಸೀಟಿನ ಮೇಲೆ ಕುಳಿತ. ಬಲಕ್ಕೆ ಒತ್ತಿದ.

ಟಿಕ್, ಟಿಕ್, ಟಿಕ್.

"ಕೇಳಿಸ್ತಾ? ಕಿವಿ ಇದೆಯಾ ನಿನಗೆ? ಇದಕ್ಕಿಂತ ಸರಿಯಾದ ಸದ್ದು ಈ ಭೂಮಿ ಮೇಲಿದೆಯಾ? ಈಗೇನಂತೀಯ?"

ಡ್ರೈವರ್ ಬೈಕಿನ ಹಿಂದೆ ನಿಂತಿದ್ದ. ಮೇಸ್ತ್ರಿ ತಿರುಗಿ ನೋಡಿದ. ಹುಡುಗ ಅಳುತ್ತಿದ್ದ.

"ಇಳಿದು ಬನ್ನಿ ಅಣ್ಣ. ಇಲ್ಲಿ ಬಂದು ನೋಡಿ."

ಅಂಗಡಿಯ ಜೀವನದಲ್ಲೇ ಮೊದಲ ಸಲ ಕಿವಿಮೇಸ್ತ್ರಿ ಸೀಟಿನಿಂದ ಇಳಿದು ಬೈಕಿನ ಹಿಂದೆ ಬಂದ. ಬಂದವನು ಗರಬಡಿದವನಂತೆ ನಿಂತ. ಬಲದೀಪ ಮಿನುಗುತ್ತಿತ್ತು. ಎಡದೀಪವೂ ಮಿನುಗುತ್ತಿತ್ತು. ಓಡಿ ಮುಂದೆ ಹೋದ. ಮುಂದಿನ ಎರಡೂ ಮಿನುಗುತ್ತಿದ್ದವು. ಸೀಟಿನ ಮೇಲಿಂದ ಅವು ಕಾಣುವುದೇ ಇಲ್ಲ. ಈ ಹೊಸ ದೀಪಗಳ ಬೆನ್ನು ಕಪ್ಪು, ಬೆಳಕೆಲ್ಲ ಎದುರಿನವರಿಗೆ. ಸ್ವಿಚ್ಚನ್ನು ಎಡಕ್ಕೆ ತಳ್ಳಿದ. ನಾಲ್ಕೂ. ಮತ್ತೆ ಬಲಕ್ಕೆ. ನಾಲ್ಕೂ. ಟಿಕ್ ಟಿಕ್ ಮಾತ್ರ ಅದೇ ಬೆಣ್ಣೆಯಂಥ ನಡಿಗೆಯಲ್ಲಿ ನಡೆದೇ ಇತ್ತು. ಅಯ್ಯೋ, ಆ ಸದ್ದನ್ನು ಕೇಳಲಾರದೆ ಸ್ವಿಚ್ಚು ಆರಿಸಿದ.

"ಗುದ್ದಿದ ಏಟಿಗೆ ವೈರಿಗೆ ವೈರು ತಾಗಿರಬೇಕು" ಅಂದ, ಯಾರಿಗೆ ಹೇಳಿದನೋ. ದನಿಯಲ್ಲಿ ಕಸುವಿರಲಿಲ್ಲ. ಹಾಗಾಗಿದ್ದರೆ ಸಾಕು ದೇವರೇ ಅಂತ ಹೆಡ್‌ಲೈಟ್ ಬಿಚ್ಚಿದ. ಒಳಗಿನ ವೈರುಗಳು ಅವನು ಹೇಗೆ ಕಟ್ಟಿದ್ದನೋ ಹಾಗೇ ಇದ್ದವು, ಒಂದು ಟೇಪು ಕೂಡ ಹರಿದಿರಲಿಲ್ಲ. ಫ್ಲಾಶರ್ ಬದಲಾಯಿಸಿದ. ನಾಲ್ಕೂ ಮಿನುಗಿದವು. ಹ್ಯಾಂಡಲಿನ ಸ್ವಿಚ್ಚನ್ನೇ ತಪ್ಪಿಸಿ ಬಲಗಡೆಯ ವೈರಿಗೆ ನೇರ ಕರೆಂಟು ಕೊಟ್ಟ. ಆಗಲೂ ನಾಲ್ಕೂ! ಡ್ರೈವರ್ ಹಿಂದೆ ಕೂತು ಪ್ರತಿ ಸಲವೂ ಮೆಲ್ಲಗೆ "ಎರಡೂ ಹತ್ತಿದೆ ಅಣ್ಣ" ಎನ್ನುತ್ತಿದ್ದ. ಮೇಸ್ತ್ರಿಯ ಬೆವರು ಟ್ಯಾಂಕಿನ ಮೇಲೆ ತೊಟ್ಟಿಕ್ಕುತ್ತಿತ್ತು. ಬಲಗಡೆಯ ಕರೆಂಟು ಎಡಗಡೆಗೆ ಯಾವ ದಾರಿಯಲ್ಲಿ ಹೋಗುತ್ತಿದೆ? ಒಂದೊಂದೇ ವೈರು ಕಳಚುತ್ತ ಬಂದ. ಕೊನೆಗೆ ಮೀಟರಿನ ಹಿಂದೆ ಕೈ ಹಾಕಿ, ಆ ಪುಟ್ಟ ಬಲ್ಬನ್ನು ಹೊರಗೆ ಎಳೆದ.

"ಅಣ್ಣ! ಈಗ ಬಲ ಒಂದೇ!" ಎಂದು ಡ್ರೈವರ್ ಕೂಗಿದ.

ಮೇಸ್ತ್ರಿ ಅಂಗೈಯಲ್ಲಿದ್ದ ಬಲ್ಬನ್ನು ನೋಡಿದ. ಕಡಲೆಕಾಳಿನಷ್ಟಿತ್ತು. ಹಳೇ ಬೈಕುಗಳಲ್ಲಿ ಎಡಕ್ಕೊಂದು ಬಲಕ್ಕೊಂದು ಅಂತ ಮೀಟರ್ ಬಲ್ಬು ಇರುವುದಿಲ್ಲ, ಎರಡಕ್ಕೂ ಸೇರಿ ಒಂದೇ. ಅದರ ಒಂದು ಕಾಲು ಎಡಗಡೆಯ ವೈರಿನಲ್ಲಿ, ಇನ್ನೊಂದು ಕಾಲು ಬಲಗಡೆಯದರಲ್ಲಿ. ಬಲಕ್ಕೆ ಒತ್ತಿದಾಗ ಒಂದು ತೊಟ್ಟು ಕರೆಂಟು ಈ ಬಲ್ಬನ್ನು ಹಾದು ಎಡಗಡೆಯ ದೀಪಗಳ ಮೂಲಕ ಹೋಗುತ್ತದೆ. ಹಳೇ ದಪ್ಪ ಬಲ್ಬುಗಳಿಗೆ ಆ ಒಂದು ತೊಟ್ಟು ಯಾವ ಲೆಕ್ಕ, ಅವು ಹತ್ತುತ್ತಲೇ ಇರಲಿಲ್ಲ. ಎಲ್‌ಇಡಿಗೆ ಆ ತೊಟ್ಟೇ ಹಬ್ಬದೂಟ. ಇಷ್ಟೇ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಎರಡು ಡಯೋಡು ಹಾಕಿ, ಬಲ್ಬಿನ ಒಂದು ಕಾಲನ್ನು ಬೈಕಿನ ಚೌಕಟ್ಟಿಗೆ ಅರ್ತ್ ಮಾಡಿದ್ದರೆ ಕರೆಂಟು ಆಚೆ ಕಡೆಗೆ ದಾಟುತ್ತಲೇ ಇರಲಿಲ್ಲ. ಡಯೋಡುಗಳ ಡಬ್ಬಿ ಅವನ ಮೊಣಕೈ ಹತ್ತಿರವೇ ಇತ್ತು. ಇಳಿದು ಒಂದೇ ಒಂದು ಸಲ ಹಿಂದೆ ಬಂದು ನೋಡಿದ್ದರೆ ಸಾಕಿತ್ತು.

ಗುದ್ದಿದ ಏಟಿಗೆ ಆದದ್ದಲ್ಲ. ಮೊದಲ ದಿನದಿಂದಲೇ ಹೀಗಿತ್ತು. ಹಿಂದಿನವರಿಗೆ ಚೆನ್ನಾಗಿ ಕಾಣಲಿ ಅಂತ ತಾನೇ ಹಾಕಿದ ಕಣ್ಣು ಕುಕ್ಕುವ ದೀಪ, ಹೆಂಡತಿ ಬಲಕ್ಕೆ ತಿರುಗುತ್ತೇನೆ ಅಂದಾಗಲೆಲ್ಲ ನೇರ ಹೋಗುತ್ತೇನೆ ಅಂತ ಲೋಕಕ್ಕೆಲ್ಲ ಸಾರುತ್ತಿತ್ತು. ಮೇಸ್ತ್ರಿ ಅಲ್ಲೇ ಗ್ರೀಸಿನ ನೆಲದ ಮೇಲೆ ಕುಕ್ಕರಿಸಿದ.

"ನೀರು ಕೊಡಲಾ ಅಣ್ಣ?" ಎಂದು ಕೇಳಿದ್ದು ಡ್ರೈವರೇ. ಯಾರು ಯಾರಿಗೆ ನೀರು ಕೊಡಬೇಕಿತ್ತು ನೋಡಿ!

ಮೇಸ್ತ್ರಿ ನೀರು ಕುಡಿಯಲಿಲ್ಲ. ಬಲ್ಬನ್ನು ಮತ್ತೆ ಇದ್ದಲ್ಲೇ ಸಿಕ್ಕಿಸಿದ, ಬೇಕರಿಗೆ ಫೋನ್ ಮಾಡಿದ. "ಯಜಮಾನ್ರೇ, ಈಗಿಂದೀಗ ಅಂಗಡಿಗೆ ಬನ್ನಿ. ಕಣ್ಣಾರೆ ನೋಡಬೇಕು ನೀವು." ಯಜಮಾನ ಬಂದ, ನೋಡಿದ, ಹಣೆ ಹಣೆ ಬಡಿದುಕೊಂಡ. "ಅಲ್ಲಾ ಮೇಸ್ತ್ರಿ, ನಿಮ್ಮ ಮಾತು ನಂಬಿ ನಾನು ಈ ಹುಡುಗನ್ನ ಜೈಲಿಗೆ ಕಳಿಸ್ತಿದ್ದೆನಲ್ಲ ಮಾರಾಯ್ರೆ!" ಮೇಸ್ತ್ರಿ ತಲೆ ತಗ್ಗಿಸಿ ನಿಂತು "ತಪ್ಪು ನಂದು. ಹುಡುಗಂದಲ್ಲ" ಅಂದ. ಇಷ್ಟು ವರ್ಷದಲ್ಲಿ ಆ ಬಾಯಿಂದ ಆ ಮಾತು ಬಂದದ್ದನ್ನು ಕೇಳಿ ಎದುರಿನ ಪಂಕ್ಚರ್ ಅಂಗಡಿಯವನು ಕೆಲಸ ನಿಲ್ಲಿಸಿ ಎದ್ದು ನಿಂತ. ಬೀಗದ ಕೈ ಡ್ರೈವರಿನ ಕೈ ಸೇರಿತು. ಅವನು ವ್ಯಾನಿನಲ್ಲೇ ಮೇಸ್ತ್ರಿಯನ್ನು ಆಸ್ಪತ್ರೆಗೆ ಬಿಟ್ಟುಬಂದ.

ಎರಡು ಮಂಚದ ಕೋಣೆ. ಆಚೆ ಮಂಚ ಖಾಲಿ. ಅತ್ತಿಗೆ ತಂಗಿಯ ತಲೆ ಬಾಚುತ್ತ ಕುಳಿತಿದ್ದಳು. ಮೇಸ್ತ್ರಿಯ ಮುಖ ನೋಡಿದವಳೇ "ಏನಾಯ್ತು? ಯಾರ ಜೊತೆ ಜಗಳ ಆಡ್ಕೊಂಡು ಬಂದ್ರಿ?" ಅಂದಳು.

ಮೇಸ್ತ್ರಿ ಹೆಂಡತಿಯ ಕಾಲ ಬುಡದಲ್ಲಿ ನಿಂತೇ ಹೇಳಿದ. ದೀಪ, ಬಲ್ಬು, ಡಯೋಡು, ಎಲ್ಲ ಒಂದೇ ಉಸಿರಿಗೆ. "ನನ್ನ ಕೈಯಾರೆ ನಿನಗೆ ಹೀಗೆ ಮಾಡಿದೆ ಕಣೇ" ಎಂದು ಮುಗಿಸಿದ. ಅತ್ತಿಗೆಯ ಬಾಚಣಿಗೆ ಕೂದಲಲ್ಲೇ ನಿಂತಿತು. ಹೆಂಡತಿ ಮಾತ್ರ ಬೆಚ್ಚಲಿಲ್ಲ, ಹುಬ್ಬು ಕೂಡ ಮೇಲೇರಲಿಲ್ಲ.

"ಹೌದು. ನಾಲ್ಕೂ ಹತ್ತುತ್ತಿದ್ವು" ಅಂದಳು.

"ನಿನಗೆ ಹೇಗೆ ಗೊತ್ತು?"

"ಬಟ್ಟೆ ಅಂಗಡಿ ಗಾಜಿನಲ್ಲಿ ಕಾಣ್ತಿತ್ತಲ್ಲ. ನೀವು ಹಾಕಿಕೊಟ್ಟ ದಿನವೇ ನೋಡಿದೆ. ಅವತ್ತಿಂದ ನಾನು ಆ ಸ್ವಿಚ್ಚು ನಂಬ್ತಿರಲಿಲ್ಲ. ತಿರುವಿನಲ್ಲಿ ಕೈ ಚಾಚಿ ತೋರಿಸ್ತಿದ್ದೆ. ಏಟು ಬಿದ್ದ ದಿನ ರಾಶಿ ಏಪ್ರನ್ನು ಕತ್ತರಿಸಿ ಬಲಭುಜ ಹಿಡ್ಕೊಂಡುಬಿಟ್ಟಿತ್ತು. ಕೈ ಮೇಲೆತ್ತೋಕಾಗದೆ ಸ್ವಿಚ್ಚೇ ಒತ್ತಿದೆ."

ಬೆಳಗಿನಿಂದ ಮೇಸ್ತ್ರಿಗೆ ಬಿದ್ದ ಏಟುಗಳೆಲ್ಲ ಒಂದು ತೂಕ, ಈ ಏಟೇ ಒಂದು ತೂಕ. ಅವಳಿಗೆ ಗೊತ್ತಿತ್ತು! ಗೊತ್ತಿದ್ದೂ ದಿನಾ ಅದೇ ಬೈಕು ಹತ್ತಿ ಲಾರಿಗಳ ಮಧ್ಯೆ ಒಂಟಿ ಕೈಯಲ್ಲಿ ತಿರುಗಿಸಿಕೊಂಡು ಹೋಗುತ್ತಿದ್ದಳು! ಸಂಕಟ ಬಾಯಿಗೆ ಬರುವಷ್ಟರಲ್ಲಿ ರೂಢಿಯಂತೆ ಅಬ್ಬರವಾಗಿಬಿಟ್ಟಿತು.

"ಅಷ್ಟು ದಿನ ಬಾಯಿ ಮುಚ್ಕೊಂಡು ಕೂತಿದ್ದೆಯಾ? ಸತ್ತುಹೋಗಿದ್ರೆ ಏನೇ ಗತಿ? ಒಂದು ಮಾತು ನನಗೆ ಹೇಳೋಕೆ ಏನು ಧಾಡಿ ಆಗಿತ್ತು ನಿನಗೆ?"

ಕಿಟಕಿಯ ಗಾಜು ಅದುರಿತು. ಹೊರಗೆ ಹೋಗುತ್ತಿದ್ದ ದಾದಿ ಬಾಗಿಲಲ್ಲಿ ತಲೆ ಹಾಕಿದಳು. ಹೆಂಡತಿ ಕಣ್ಣು ಗಟ್ಟಿಯಾಗಿ ಮುಚ್ಚಿ, ಸರಿಯಿದ್ದ ಕೈಯಿಂದ ಹೊದಿಕೆಯನ್ನು ಎದೆವರೆಗೆ ಎಳೆದುಕೊಂಡಳು. ಮೇಸ್ತ್ರಿ ಅದನ್ನು ನೋಡಿದ. ಅವಳು ಯಾವಾಗಲೂ ಹೀಗೇ ಕಣ್ಣು ಮುಚ್ಚಿಕೊಳ್ಳುತ್ತಿದ್ದಳೇನೋ, ಅವನೇ ನೋಡಿರಲಿಲ್ಲ.

"ಇದೇ ಆಗಿತ್ತು" ಅಂದಳು ಅವಳು, ಕಣ್ಣು ತೆರೆಯದೆ. "ನಿಮಗೆ ಹೇಳೋದಕ್ಕಿಂತ ಕೈ ತೋರಿಸೋದೇ ಸುಲಭ ಅನ್ನಿಸ್ತು ಕಣ್ರೀ."

ದಾದಿ ಹೊರಟುಹೋದಳು. ಮೇಸ್ತ್ರಿ ಕಬ್ಬಿಣದ ಸ್ಟೂಲನ್ನು ಸದ್ದಾಗದಂತೆ ಎಳೆದುಕೊಂಡು ಅವಳ ತಲೆಯ ಹತ್ತಿರ ಕುಳಿತ. ತನ್ನ ಬೆರಳುಗಳ ಗ್ರೀಸು ಉಜ್ಜಿಕೊಂಡ. ಆಮೇಲೆ ಕೇಳಿದ, ಯಾರೂ ಎಂದೂ ಕೇಳಿರದಷ್ಟು ಸಣ್ಣ ದನಿಯಲ್ಲಿ.

"ಇನ್ನೂ ಏನೇನು ಹೇಳದೆ ಇಟ್ಕೊಂಡಿದ್ದೀಯ?"

ಅವಳು ಕಣ್ಣು ತೆರೆದು ಅಕ್ಕನ ಮುಖ ನೋಡಿದಳು. ಅಕ್ಕ ಬಾಚಣಿಗೆಯನ್ನು ದಿಂಬಿನ ಪಕ್ಕ ಇಟ್ಟು, ಎದ್ದು ಹೊರಗೆ ಹೋಗಿ, ಬಾಗಿಲು ಎಳೆದುಕೊಂಡಳು.